ನಿಂತ ಕುದುರೆಗೆ ಎರಡು ಫೋಟೋ

ಪುಟ್ಟಿ,

ಗೊಂಬೆಯನ್ನು ಚೂರುಚೂರೇ ಸರಿಸಿ, ಒಂದೊಂದೇ ಫೋಟೋ ತೆಗೆದು ಜೋಡಿಸಿ ನೀನು ಕಳಿಸಿದ ತುಣುಕನ್ನು ನಿನ್ನ ದೊಡ್ಡಮ್ಮನಿಗೂ ತೋರಿಸಿದೆ. ಚನ್ನಪಟ್ಟಣದ ಗೊಂಬೆ ಮರದ ಕುದುರೆ ಹತ್ತಿಕೊಂಡು ಆಗುಂಬೆ ಘಾಟಿಯ ಮೇಲೆ ಹಾರಿಹೋಗುವುದು ಅವಳಿಗೆ ಬಹಳ ಹಿಡಿಸಿತು. ಆಮೇಲೆ ಕನ್ನಡಕ ಸರಿಮಾಡಿಕೊಂಡು, "ಕುದುರೆ ಸುತ್ತ ಅದೇನು ಪಾಚಿ ಕಟ್ಟಿದೆಯಲ್ಲ?" ಅಂದಳು. ನೀನು ಬರೆದ ದೂರುಗಳಲ್ಲಿ ಮೊದಲನೆಯದೂ ಅದೇ. ಅಂಚಿನಲ್ಲಿ ಹಸಿರು, ಗೊಂಬೆಯ ಹಳದಿ ರುಮಾಲು ಕಿತ್ತಳೆಯಾದದ್ದು, ಬೆಳಕು ಮಿಣಮಿಣ ಅನ್ನುವುದು, ಕುದುರೆ ಬಂಡೆಯ ಮೇಲೆ ಇಳಿದರೂ ಇಳಿದ ಹಾಗೆ ಕಾಣದಿರುವುದು. ಇದೆಲ್ಲ ಫೋನಿನಲ್ಲಿ ಹೇಳಿ ಮುಗಿಯುವ ಮಾತಲ್ಲ. ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ಕಂಪ್ಯೂಟರಿನಲ್ಲಿ ನಾನು ನಿನ್ನಷ್ಟು ಚುರುಕಲ್ಲ. ಆದರೆ ಮದರಾಸಿನ ಸ್ಟುಡಿಯೋಗಳಲ್ಲಿ ಕ್ಯಾಮೆರಾ ಸಹಾಯಕನಾಗಿದ್ದವನಿಗೆ, ಊರಿಗೆ ಬಂದು ಫೋಟೋ ಸ್ಟುಡಿಯೋ ಇಟ್ಟವನಿಗೆ ಬೆಳಕಿನ ಚಾಳಿ ಒಂದಿಷ್ಟು ಗೊತ್ತು.

ಮೊದಲು ನೀನು ಗೊಂಬೆಯ ಹಿಂದೆ ಕಟ್ಟಿದ ಹಸಿರು ಪರದೆ ಮಾಡುವ ಕೆಲಸ ಏನೆಂದು ನೋಡು. ಕಂಪ್ಯೂಟರಿಗೆ ಗೊಂಬೆ ಯಾವುದು, ಪರದೆ ಯಾವುದು ಎಂಬ ತಿಳಿವಳಿಕೆ ಇಲ್ಲ. ಚಿತ್ರದ ಒಂದೊಂದು ಚುಕ್ಕೆಯಲ್ಲೂ ಕೆಂಪು ಮತ್ತು ನೀಲಿಗಿಂತ ಹಸಿರು ಎಷ್ಟು ಹೆಚ್ಚಿದೆ ಎಂದು ಅಳೆಯುತ್ತದೆ, ಅಷ್ಟೆ. ಬಹಳ ಹೆಚ್ಚಿದ್ದರೆ ಪರದೆ, ಹೆಚ್ಚಿಲ್ಲದಿದ್ದರೆ ಗೊಂಬೆ, ನಡುವೆ ಎಲ್ಲೋ ಇದ್ದರೆ ಅರ್ಧ ಪಾರದರ್ಶಕ. ಬಣ್ಣಗಳ ವ್ಯತ್ಯಾಸವನ್ನು ಹೀಗೆ ಲೆಕ್ಕಕ್ಕೆ ತಂದವನು ಪೆಟ್ರೋ ವ್ಲಾಹೋಸ್ ಎಂಬ ಎಂಜಿನಿಯರ್. 1959ರ 'ಬೆನ್‌ಹರ್' ಚಿತ್ರಕ್ಕಾಗಿ ಅವನು ಇದನ್ನು ಫಿಲ್ಮಿನ ಮೇಲೆ, ನೀಲಿ ಪರದೆಯಿಂದ ಸಾಧಿಸಿದ. ನೀನು ಇವತ್ತು ಒಂದು ಗುಂಡಿ ಒತ್ತಿ ಮಾಡುವ ಕೆಲಸದ ಅಡಿಯಲ್ಲಿ ಅವನ ಲೆಕ್ಕವೇ ಇದೆ. ಮನುಷ್ಯರ ಚರ್ಮದಲ್ಲಿ ನೀಲಿ ಕಡಿಮೆ ಎಂದು ಆಗ ನೀಲಿ ನಡೆಯುತ್ತಿತ್ತು. ಡಿಜಿಟಲ್ ಕ್ಯಾಮೆರಾ ಬಂದಮೇಲೆ ಹಸಿರು ಗೆದ್ದಿತು. ಕಾರಣ ಸೆನ್ಸರಿನಲ್ಲಿದೆ. ಅದರ ಮೇಲಿನ ನಾಲ್ಕು ಚುಕ್ಕೆಗಳ ಒಂದೊಂದು ಗುಂಪಿನಲ್ಲಿ ಎರಡು ಹಸಿರಿಗೆ, ಒಂದು ಕೆಂಪಿಗೆ, ಒಂದು ನೀಲಿಗೆ. ಹಸಿರಿನ ಸುದ್ದಿ ಹೆಚ್ಚು ಸಿಗುತ್ತದೆ, ಕಾಳುಕಾಳು ಕಡಿಮೆ ಬರುತ್ತದೆ.

ಈಗ ನಿನ್ನ ಕುದುರೆಗೆ ಬಾ. ಚನ್ನಪಟ್ಟಣದ ಗೊಂಬೆಗೆ ಅರಗಿನ ಬಣ್ಣ. ಕಡಸಲು ಯಂತ್ರದ ಮೇಲೆ ತಿರುಗುತ್ತಿರುವಾಗಲೇ ಅರಗು ಒತ್ತಿ ಹಚ್ಚಿ ಹೊಳಪು ಕೊಡುತ್ತಾರೆ. ಆ ಹೊಳಪಿನಲ್ಲಿ ಎದುರಿಗೆ ಏನಿದ್ದರೂ ಕಾಣುತ್ತದೆ. ನೀನು ಗೊಂಬೆಯ ಹಿಂದೆ ಗೇಣು ದೂರದಲ್ಲಿ ಇಷ್ಟು ದೊಡ್ಡ ಹಸಿರು ಬಟ್ಟೆ ಕಟ್ಟಿದ್ದೀಯ, ಸಾಲದ್ದಕ್ಕೆ ಮೇಜಿನ ಮೇಲೂ ಹಾಸಿದ್ದೀಯ. ಕುದುರೆಯ ಹೊಟ್ಟೆ, ಕತ್ತಿನ ಅಂಚು, ಗೊಂಬೆಯ ಕೆನ್ನೆ ಎಲ್ಲದರಲ್ಲೂ ಆ ಬಟ್ಟೆಯ ಹಸಿರು ಕೂತಿದೆ. ಕಂಪ್ಯೂಟರ್ ಅದನ್ನು ಪರದೆಯೆಂದೇ ತಿಳಿದು ಅರ್ಧಂಬರ್ಧ ತೆಗೆದುಬಿಟ್ಟಿದೆ. ನೀನು ಸ್ಪಿಲ್, ಅಂದರೆ ಹೀಗೆ ಮೈಗೆ ಅಂಟಿದ ಹಸಿರು, ತೆಗೆಯುವ ಗುಂಡಿಯನ್ನು ಜೋರಾಗಿ ತಿರುಗಿಸಿದ್ದೀಯ ಅನ್ನುವುದಕ್ಕೆ ರುಮಾಲೇ ಸಾಕ್ಷಿ. ಕೆಂಪು, ನೀಲಿಗಳ ಸರಾಸರಿಗಿಂತ ಹೆಚ್ಚಿದ್ದ ಹಸಿರನ್ನೆಲ್ಲ ಅದು ಕತ್ತರಿಸಿ ಹಾಕುತ್ತದೆ. ಹಳದಿ ಎಂದರೆ ಕೆಂಪು ಹಸಿರು ಎರಡೂ ತುಂಬಿ ನೀಲಿ ಇಲ್ಲದ ಬಣ್ಣ. ಅದರ ಹಸಿರನ್ನು ಕತ್ತರಿಸಿದರೆ ಕಿತ್ತಳೆಯಾಗದೆ ಇನ್ನೇನಾಗುತ್ತದೆ, ಮಾರಾಯ್ತಿ? ಕುದುರೆಯ ಕಾಲಿನ ಹಸಿರು ಪಟ್ಟಿಯಂತೂ ಪೂರ್ತಿ ಮಾಯವಾಗಿ ಅದರ ಮೂಲಕ ಘಾಟಿಯ ಮಳೆ ಕಾಣುತ್ತಿದೆ. ಅದನ್ನು ನೋಡಿ ನಾನು ನಕ್ಕೆ, ಬೇಜಾರು ಮಾಡಿಕೊಳ್ಳಬೇಡ.

ಅಗ್ಗದ ಮದ್ದು ಹೇಳುತ್ತೇನೆ. ಪರದೆಯನ್ನು ಗೊಂಬೆಯಿಂದ ನಾಲ್ಕೈದು ಅಡಿ ಹಿಂದಕ್ಕೆ ಸರಿಸು. ಮನುಷ್ಯ ನಟನಿಗೆ ಇದನ್ನು ಮಾಡಬೇಕಾದರೆ ದೊಡ್ಡ ಕೊಠಡಿಯೇ ಬೇಕು, ನಿನ್ನ ಗೊಂಬೆಗೆ ಪಡಸಾಲೆ ಸಾಕು. ಕ್ಯಾಮೆರಾದ ಚೌಕಟ್ಟಿನಲ್ಲಿ ಎಷ್ಟು ಕಾಣುತ್ತದೋ ಅಷ್ಟೇ ಪರದೆ ಉಳಿಸಿಕೊಂಡು ಸುತ್ತಲಿನದನ್ನು ಕಪ್ಪು ಬಟ್ಟೆಯಿಂದ ಮುಚ್ಚು. ಕಡಿಮೆ ಹಸಿರು ಇದ್ದಷ್ಟೂ ಅರಗಿನಲ್ಲಿ ಕಡಿಮೆ ಹಸಿರು ಕಾಣುತ್ತದೆ. ಪರದೆಗೆ ಬೇರೆ ದೀಪ, ಗೊಂಬೆಗೆ ಬೇರೆ ದೀಪ. ಸುಕ್ಕು ಬೀಳುವ ಬಟ್ಟೆಗಿಂತ ಹೊಳಪಿಲ್ಲದ ದಪ್ಪ ಕಾಗದ ಮೇಲು. ಫೋಟೋಗಳನ್ನು ಜೆಪೆಗ್‌ನಲ್ಲಿ ತೆಗೆಯಬೇಡ, ರಾ ಫೈಲಿನಲ್ಲಿ ತೆಗೆ. ವಿಡಿಯೋ ಮಾಡುವವರು ಬಣ್ಣದ ವಿವರದಲ್ಲಿ ಬಹುಪಾಲು ಕಳೆದುಕೊಂಡು ಆಮೇಲೆ ಅಂಚಿಗಾಗಿ ಅಳುತ್ತಾರೆ. ನೀನು ಒಂದೊಂದೇ ಫೋಟೋ ತೆಗೆಯುವವಳು, ಸೆನ್ಸರ್ ಕೊಟ್ಟದ್ದನ್ನೆಲ್ಲ ಇಟ್ಟುಕೊಳ್ಳಬಹುದು.

ಇಷ್ಟು ಮಾಡಿದರೆ ಪಾಚಿ ಮುಕ್ಕಾಲು ಹೋಗುತ್ತದೆ. ಆದರೆ ಈ ಕಾಗದ ಬರೆಯಲು ಕೂತದ್ದು ಅದಕ್ಕಲ್ಲ. ನಿನ್ನ ಹತ್ತಿರ ಹಸಿರು ಪರದೆಗಿಂತ ದೊಡ್ಡ ಸೌಲಭ್ಯ ಒಂದಿದೆ. ಅದನ್ನು ಬಿಟ್ಟು ನೀನು ಮನುಷ್ಯರ ಸಿನಿಮಾದವರ ಕಷ್ಟವನ್ನು ತಲೆಯ ಮೇಲೆ ಹೊತ್ತುಕೊಂಡಿದ್ದೀಯ.

'ಮೇರಿ ಪಾಪಿನ್ಸ್' ನೋಡಿದ್ದೀಯಲ್ಲ, 1964ರದು? ಅದರಲ್ಲಿ ನಟಿಯ ಟೋಪಿಯ ಮೇಲಿನ ತೆಳು ಜಾಲರಿ ಕೂಡ ಚೆನ್ನಾಗಿ ಉಳಿದುಕೊಂಡಿದೆ. ಅಲ್ಲಿ ನೀಲಿಯೂ ಇಲ್ಲ, ಹಸಿರೂ ಇಲ್ಲ. ಪರದೆಗೆ ಸೋಡಿಯಂ ದೀಪ ಹಾಕಿದ್ದರು, ಹಳೆಯ ಬೀದಿದೀಪದ ಹಳದಿ. ಆ ಬೆಳಕು 589 ನ್ಯಾನೋಮೀಟರ್ ಆಸುಪಾಸಿನ ಒಂದು ಸಣ್ಣ ಗೆರೆಯಲ್ಲಷ್ಟೇ ಇರುತ್ತದೆ. ಕ್ಯಾಮೆರಾದೊಳಗೆ ವಿಶೇಷ ಪ್ರಿಸಂ ಕೂರಿಸಿ, ಆ ಗೆರೆಯೊಂದನ್ನೇ ಬೇರ್ಪಡಿಸಿ ಇನ್ನೊಂದು ಫಿಲ್ಮಿಗೆ ಕಳಿಸಿದರು. ಒಂದು ಫಿಲ್ಮಿನಲ್ಲಿ ಬಣ್ಣದ ನಟಿ, ಇನ್ನೊಂದರಲ್ಲಿ ಅದೇ ಕ್ಷಣದ ಅವಳ ಕಪ್ಪು ಆಕಾರ. ಇದರ ಹಿಂದೆಯೂ ವ್ಲಾಹೋಸನ ತಲೆ ಇತ್ತು. ಅಷ್ಟೆಲ್ಲ ಹೆಣಗಾಟ ಏಕೆಂದರೆ ನಟಿ ಅಲ್ಲಾಡುತ್ತಾಳೆ. ಬಣ್ಣವನ್ನೂ ಆಕಾರವನ್ನೂ ಒಂದೇ ಕ್ಷಣದಲ್ಲಿ ಹಿಡಿಯದಿದ್ದರೆ ಎರಡೂ ಹೊಂದುವುದಿಲ್ಲ.

ನಿನ್ನ ಕುದುರೆ ಅಲ್ಲಾಡುವುದಿಲ್ಲ ಪುಟ್ಟಿ. ನೀನು ಮುಟ್ಟುವ ತನಕ ನಿಂತೇ ಇರುತ್ತದೆ. ಹಾಗಿರುವಾಗ ಒಂದು ಭಂಗಿಗೆ ಎರಡು ಫೋಟೋ ತೆಗೆಯಲು ಏನು ಅಡ್ಡಿ?

ಮೊದಲ ಫೋಟೋಕ್ಕೆ ಗೊಂಬೆಯ ದೀಪಗಳು ಉರಿಯಲಿ, ಹಿಂದಿನ ಪರದೆಯ ದೀಪ ಆರಿರಲಿ. ಗೊಂಬೆ ತನ್ನ ಬಣ್ಣದಲ್ಲಿ ಬರುತ್ತದೆ, ಹಿಂದೆ ಕತ್ತಲೆ. ಗೊಂಬೆಯನ್ನು ಮುಟ್ಟದೆ, ಕ್ಯಾಮೆರಾ ಮುಟ್ಟದೆ, ಮುಂದಿನ ದೀಪ ಆರಿಸಿ ಹಿಂದಿನ ಪರದೆಯ ದೀಪ ಹಾಕಿ ಎರಡನೆಯದು ತೆಗೆ. ಈಗ ಬೆಳ್ಳಗಿನ ಹಿನ್ನೆಲೆಯ ಮೇಲೆ ಕುದುರೆಯ ಕಪ್ಪು ಆಕಾರ. ಅದೇ ನಿನ್ನ ಮ್ಯಾಟ್, ಅಂದರೆ ಗೊಂಬೆಯನ್ನು ಕತ್ತರಿಸುವ ಅಚ್ಚು. ತಿರುವುಮುರುವು ಮಾಡಿ ಮೊದಲನೆಯದಕ್ಕೆ ಹೊಂದಿಸಿದರೆ ಗೊಂಬೆ ಕತ್ತರಿಸಿ ಬರುತ್ತದೆ. ಪರದೆ ಹಸಿರಿರಬೇಕಾಗಿಯೇ ಇಲ್ಲ, ಬಿಳಿ ಕಾಗದವೇ ಸಾಕು. ಕಾಲಿನ ಹಸಿರು ಪಟ್ಟಿ ಉಳಿಯುತ್ತದೆ, ರುಮಾಲು ಹಳದಿಯೇ ಇರುತ್ತದೆ. ಮೊದಲ ಫೋಟೋ ತೆಗೆಯುವಾಗ ಪರದೆ ಕತ್ತಲಲ್ಲಿರುವುದರಿಂದ ಅರಗಿನಲ್ಲಿ ಕಾಣಲು ಅಲ್ಲಿ ಏನೂ ಇರುವುದಿಲ್ಲ. ಡ್ರ್ಯಾಗನ್‌ಫ್ರೇಮ್ ತಂತ್ರಾಂಶದಲ್ಲಿ ಒಂದು ಫ್ರೇಮಿಗೆ ಹಲವು ಎಕ್ಸ್‌ಪೋಷರ್ ತೆಗೆಯುವ, ದೀಪಗಳನ್ನು ತಾನೇ ಆರಿಸಿ ಹೊತ್ತಿಸುವ ಏರ್ಪಾಡು ಇದೆ. ಅದಿಲ್ಲದಿದ್ದರೆ ಎರಡು ಸ್ವಿಚ್ಚಿನ ಒಂದು ಎಕ್ಸ್‌ಟೆನ್ಷನ್ ಬೋರ್ಡ್ ಸಾಕು. ಅದನ್ನು ಗೊಂಬೆಯ ಮೇಜಿನ ಮೇಲೆ ಮಾತ್ರ ಇಡಬೇಡ, ಸ್ವಿಚ್ ಒತ್ತಿದ ಅದುರಿಗೆ ಕುದುರೆ ಕೂದಲೆಳೆಯಷ್ಟು ಸರಿದರೂ ಎರಡು ಫೋಟೋ ಹೊಂದುವುದಿಲ್ಲ.

ಲೆಕ್ಕ ಹಾಕಿ ಹೆದರಬೇಡ. ಸೆಕೆಂಡಿಗೆ 12 ಭಂಗಿಯಂತೆ ಹತ್ತು ಸೆಕೆಂಡಿಗೆ 120 ಭಂಗಿ, 240 ಫೋಟೋ. ಗೊಂಬೆ ಸರಿಸುವ ಕೆಲಸ ಅಷ್ಟೇ ಇರುತ್ತದೆ, ಸ್ವಿಚ್ ಒತ್ತುವುದು ಹೆಚ್ಚು. ಆದರೆ ಇದಕ್ಕೂ ಒಂದು ಕೊಂಕು ಇದೆ. ಎರಡನೆಯ ಫೋಟೋದಲ್ಲಿ ಹಿಂದಿನ ಬೆಳಕು ಕುದುರೆಯ ಅಂಚಿನ ಹೊಳಪಿಗೆ ಓರೆಯಾಗಿ ಬಡಿದು ಅಂಚೇ ಬೆಳ್ಳಗಾಗಬಹುದು. ಆಗ ಮ್ಯಾಟ್ ಗೊಂಬೆಯನ್ನು ಒಂದು ಎಳೆ ಕಚ್ಚಿಹಾಕುತ್ತದೆ. ಇಲ್ಲೂ ಮದ್ದು ಮೊದಲಿನದೇ. ಪರದೆ ದೂರ ಇರಲಿ, ಚೌಕಟ್ಟಿಗಿಂತ ದೊಡ್ಡದಿರುವುದು ಬೇಡ.

ಮದರಾಸಿನಲ್ಲಿ ನಾವು ಡಬಲ್ ಆಕ್ಟಿಂಗ್ ತೆಗೆಯುತ್ತಿದ್ದದ್ದೂ ಇದರ ದೂರದ ನೆಂಟನೇ. ಲೆನ್ಸಿನ ಮುಂದೆ ಅರ್ಧಕ್ಕೆ ಕಪ್ಪು ತಗಡು ಹಿಡಿದು ಒಂದು ಪಾತ್ರ ತೆಗೆದು, ಫಿಲ್ಮನ್ನು ಹಿಂದಕ್ಕೆ ಸುತ್ತಿ, ತಗಡನ್ನು ಇನ್ನೊಂದು ಅರ್ಧಕ್ಕೆ ಹಿಡಿದು ಮತ್ತೊಂದು ಪಾತ್ರ. 'ಶಂಕರ್ ಗುರು'ವಿನಲ್ಲಿ, 1978ರಲ್ಲಿ, ರಾಜ್‌ಕುಮಾರ್ ಮೂರು ಪಾತ್ರ ಮಾಡಿದಾಗ ಜನ ಹೇಗೆ ಬಾಯಿಬಿಟ್ಟು ನೋಡಿದರು ಅಂತ ನಿನ್ನ ಅಪ್ಪನನ್ನು ಕೇಳು. ತಗಡು ಹಿಡಿಯುವ ಇಂಥ ಮಾಸ್ಕ್ ಶಾಟ್ ಇದ್ದ ದಿನ ಕ್ಯಾಮೆರಾ ಸ್ಟ್ಯಾಂಡಿನ ಹತ್ತಿರ ಯಾರಾದರೂ ಕೆಮ್ಮಿದರೂ ಕ್ಯಾಮೆರಾಮನ್ ಕಣ್ಣು ಕೆಂಪಾಗುತ್ತಿತ್ತು.

ಇನ್ನು ಕುದುರೆ ನೆಲ ಮುಟ್ಟದ ವಿಷಯ. ಇದರಲ್ಲಿ ನಿನ್ನ ತಪ್ಪಿಗಿಂತ ಇವತ್ತಿನ ರೂಢಿಯ ತಪ್ಪು ಹೆಚ್ಚು. ಹಸಿರು ಪರದೆ ಸಿಕ್ಕಿತೆಂದರೆ ನೆಲವನ್ನೂ ಹಸಿರು ಮಾಡಿಬಿಡುತ್ತಾರೆ. ಕುದುರೆಯ ಕಾಲಡಿ ಬೀಳುವ ಆ ಕಿರಿದಾದ ಕಪ್ಪು ನೆರಳು, ಬಂಡೆಯಿಂದ ಹೊಟ್ಟೆಗೆ ಏರುವ ಬೂದು ಬೆಳಕು, ಇವೆರಡು ಇಲ್ಲದಿದ್ದರೆ ಎಷ್ಟು ಚಂದ ಕತ್ತರಿಸಿದರೂ ಅದು ತೇಲುತ್ತದೆ. ಕಂಪ್ಯೂಟರಿನಲ್ಲಿ ನೆರಳು ಬರೆಯಬಹುದು, ಒಪ್ಪುತ್ತೇನೆ. ಒಂದೊಂದು ಫ್ರೇಮಿಗೂ ಬರೆಯುತ್ತ ಕೂರುವ ಹೊತ್ತಿನಲ್ಲಿ ಒಂದು ಬಂಡೆಯನ್ನೇ ಮಾಡಬಹುದು. ಗೊಂಬೆ ಎಲ್ಲಿ ಕಾಲಿಡುತ್ತದೋ ಆ ನೆಲ ನಿಜವಾಗಿರಲಿ. ಅದರಾಚೆಯ ಕಣಿವೆ, ಆಕಾಶಕ್ಕೆ ಬೇಕಾದರೆ ಪರದೆ.

ಹಿಂದಿನವರು ಇದನ್ನು ಹೇಗೆ ನಿಭಾಯಿಸಿದರು ನೋಡು. 1933ರ 'ಕಿಂಗ್ ಕಾಂಗ್'ನಲ್ಲಿ ವಿಲ್ಲಿಸ್ ಓಬ್ರಿಯನ್ ಸುಮಾರು ಒಂದೂವರೆ ಅಡಿಯ ಗೊಂಬೆಯ ಪಕ್ಕದಲ್ಲಿ, ಪುಟ್ಟ ಕಾಡಿನ ನಡುವೆ, ಅಂಗೈಯಗಲದ ಪರದೆಗಳನ್ನು ಅಡಗಿಸಿ ಇಡುತ್ತಿದ್ದ. ಮೊದಲೇ ತೆಗೆದಿಟ್ಟ ನಟರ ಚಿತ್ರವನ್ನು ಹಿಂದಿನಿಂದ ಅವುಗಳ ಮೇಲೆ ಒಂದೊಂದೇ ಫ್ರೇಮ್ ಬೀಳಿಸಿ, ಗೊಂಬೆಯನ್ನು ಒಂದು ಚೂರು ಸರಿಸಿ, ಎರಡನ್ನೂ ಒಟ್ಟಿಗೆ ಸೆರೆಹಿಡಿಯುತ್ತಿದ್ದ. ಅವನ ಶಿಷ್ಯ ರೇ ಹ್ಯಾರಿಹೌಸೆನ್ ಇನ್ನೂ ಸರಳ ಮಾಡಿದ. ಗೊಂಬೆಯ ಹಿಂದೆ ನಟರ ಚಿತ್ರ ಬೀಳುವ ಪರದೆ, ಕ್ಯಾಮೆರಾ ಎದುರು ಒಂದು ಗಾಜು. ಚಿತ್ರದ ಕೆಳಭಾಗದ ನೆಲ ಎಲ್ಲಿದೆಯೋ ಅಲ್ಲಿಗೆ ಸರಿಯಾಗಿ ಗಾಜಿಗೆ ಕಪ್ಪು ಬಳಿದು ಗೊಂಬೆಯನ್ನು ಮುಗಿಸುವುದು. ಆಮೇಲೆ ಫಿಲ್ಮ್ ಹಿಂದಕ್ಕೆ ಸುತ್ತಿ, ಮೊದಲು ಮುಚ್ಚಿದ್ದನ್ನು ತೆರೆದು, ತೆರೆದದ್ದನ್ನು ಮುಚ್ಚಿ, ಬರೀ ಆ ಕೆಳಭಾಗವನ್ನು ತುಂಬುವುದು. ಗೊಂಬೆ ನಿಜವಾದ ನೆಲದ ಹಿಂದೆ, ನಿಜವಾದ ಬೆಟ್ಟದ ಮುಂದೆ ಸಿಕ್ಕಿಕೊಳ್ಳುತ್ತಿತ್ತು. ಡೈನಮೇಷನ್ ಎಂದು ಇದನ್ನು ಕರೆದರು. 1963ರ 'ಜೇಸನ್ ಅಂಡ್ ದಿ ಆರ್ಗೊನಾಟ್ಸ್'ನಲ್ಲಿ ಏಳು ಎಲುಬುಗೂಡುಗಳು ಮೂವರು ಮನುಷ್ಯರ ಮೇಲೆ ಕತ್ತಿ ಬೀಸುವ ದೃಶ್ಯಕ್ಕೆ ಒಬ್ಬನೇ ಕೂತು ನಾಲ್ಕೂವರೆ ತಿಂಗಳು ಕೆಲಸ ಮಾಡಿದ. ಆ ಕಾಳಗವನ್ನು ಒಮ್ಮೆ ಶಬ್ದ ಆರಿಸಿ, ಎಲುಬುಗೂಡುಗಳ ಕಾಲನ್ನಷ್ಟೇ ನೋಡು.

ಪರದೆಯೇ ಬೇಡ ಎಂದು ಬಿಟ್ಟದ್ದೂ ಉಂಟು. 'ದಿ ಎಂಪೈರ್ ಸ್ಟ್ರೈಕ್ಸ್ ಬ್ಯಾಕ್', 1980. ಹಿಮದ ಮೇಲೆ ಆನೆಯಂತೆ ಹೆಜ್ಜೆ ಹಾಕುವ ಆ ಉಕ್ಕಿನ ಯಂತ್ರಗಳು ನಿನಗೆ ಗೊತ್ತು. ಫಿಲ್ ಟಿಪ್ಪೆಟ್, ಜಾನ್ ಬರ್ಗ್ ಅವುಗಳನ್ನು ನಡೆಸಿದರು. ನೀಲಿ ಪರದೆಯಲ್ಲಿ ತೆಗೆದರೆ ಬಿಳಿ ಹಿಮದ ಮೇಲೆ ಅಂಚಿನ ಗೆರೆ ಎದ್ದು ಕಾಣುತ್ತದೆಂದು ಬಹುಪಾಲು ಶಾಟುಗಳಲ್ಲಿ ಹಿಂದೆ ಬಣ್ಣದ ಚಿತ್ರಪಟ ನಿಲ್ಲಿಸಿ, ನೆಲಕ್ಕೆ ಅಡಿಗೆ ಸೋಡಾ ಹರಡಿ ನೇರವಾಗಿಯೇ ತೆಗೆದುಬಿಟ್ಟರು. ಸೋಡಾದ ಮೇಲೆ ಕೈಯ ಗುರುತು ಬೀಳಬಾರದಲ್ಲ, ಅದಕ್ಕೆ ನೆಲದಲ್ಲೇ ಕದ ಮಾಡಿ, ಒಳಗಿಂದ ಎದ್ದು ಯಂತ್ರ ಸರಿಸಿ, ಮತ್ತೆ ಇಳಿದು ಕದ ಮುಚ್ಚುತ್ತಿದ್ದರು. ಅದೇ ಚಿತ್ರದಲ್ಲಿ ನಾಯಕ ಸವಾರಿ ಮಾಡುವ ಪ್ರಾಣಿಗೆ ನೀಲಿ ಪರದೆ ಬಳಸಿದ್ದಾರೆ. ಅದರ ಹಿನ್ನೆಲೆ ಹೆಲಿಕಾಪ್ಟರಿನಿಂದ ತೆಗೆದ ನಿಜವಾದ ಹಿಮಬಯಲು, ಚಲಿಸುವ ಹಿನ್ನೆಲೆ. ಅಲ್ಲಿ ಬೇರೆ ದಾರಿ ಇರಲಿಲ್ಲ. ಎಲ್ಲಿ ದಾರಿ ಇಲ್ಲವೋ ಅಲ್ಲಿ ಪರದೆ ಎನ್ನುವುದು ಅವರ ಲೆಕ್ಕ. ನನಗೆ ಅದು ಇಂದಿಗೂ ಸರಿ ಕಾಣುತ್ತದೆ.

ನಿನ್ನ ಕಾಲದವರೂ ಕೈ ಬಿಟ್ಟಿಲ್ಲ. ಗೊಂಬೆ ಚಿತ್ರಗಳನ್ನು ಮಾಡುವ ಲೈಕಾ ಸ್ಟುಡಿಯೋದವರು ಪರದೆಯನ್ನೂ ಕಂಪ್ಯೂಟರನ್ನೂ ಧಾರಾಳವಾಗಿ ಬಳಸುತ್ತಾರೆ. ಆದರೂ 'ಕುಬೊ'ದ ಎಲುಬುಗೂಡಿನ ರಾಕ್ಷಸನನ್ನು 16 ಅಡಿ ಎತ್ತರದ ಗೊಂಬೆಯಾಗಿಯೇ ಕಟ್ಟಿದರು, 'ಕೊರಲೈನ್'ನ ಹೂಬಿಟ್ಟ ಮರಕ್ಕೆ ಬಣ್ಣ ಬಳಿದ ಪಾಪ್‌ಕಾರ್ನ್ ಅಂಟಿಸಿದರು. ಅವರ ಗೊಂಬೆಗಳ ಮುಖದ ಮೇಲಿನ ಜೋಡಣೆಯ ಗೆರೆಗಳನ್ನು ಕಂಪ್ಯೂಟರಿನಲ್ಲಿ ಅಳಿಸುತ್ತಾರೆ. 2015ರ 'ಅನೋಮಲೀಸಾ'ದಲ್ಲಿ ಅದೇ ಗೆರೆಗಳನ್ನು ಬೇಕೆಂದೇ ಉಳಿಸಿದರು. ಎರಡರಲ್ಲಿ ನನಗೆ ಹಿಡಿಸಿದ್ದು ಎರಡನೆಯದು. ನಿನಗೆ ಹಾಗನಿಸಬೇಕಿಲ್ಲ.

ಈಗ ಆ ಆಗುಂಬೆ ಮಳೆಯ ವಿಡಿಯೋ. ಚೆನ್ನಾಗಿ ತೆಗೆದಿದ್ದೀಯ, ಆದರೆ ಅದು ನಿನ್ನ ಕುದುರೆಯ ಲೋಕದ್ದಲ್ಲ. ಮಳೆ ಸೆಕೆಂಡಿಗೆ 30 ಫ್ರೇಮಿನಲ್ಲಿ ಮಸುಕಾಗಿ ಇಳಿಯುತ್ತಿದೆ. ಗೊಂಬೆ ಸೆಕೆಂಡಿಗೆ 12 ಭಂಗಿಯಲ್ಲಿ, ಒಂದೊಂದೂ ಚಾಕುವಿನಂತೆ ಚೂಪಾಗಿ ಕುಣಿಯುತ್ತಿದೆ. ನಿಂತ ವಸ್ತುವಿನ ಫೋಟೋದಲ್ಲಿ ಚಲನೆಯ ಮಸುಕು ಬರುವುದಿಲ್ಲ. ಇದಕ್ಕಾಗಿಯೇ ಟಿಪ್ಪೆಟ್ ಮತ್ತು ಗೆಳೆಯರು 1981ರ 'ಡ್ರ್ಯಾಗನ್‌ಸ್ಲೇಯರ್' ಚಿತ್ರಕ್ಕೆ ಗೊಂಬೆಗೆ ಕಂಬಿ ಕಟ್ಟಿ, ಫೋಟೋ ಬೀಳುವ ಹೊತ್ತಿಗೇ ಕಂಪ್ಯೂಟರಿನಿಂದ ಅದನ್ನು ಅಲುಗಿಸಿದರು. ನೀನು ಅಷ್ಟಕ್ಕೆ ಹೋಗಬೇಡ. ಸುಲಭ ಬೇಕಿದ್ದರೆ ಮಳೆಯ ವಿಡಿಯೋವನ್ನೂ ಸೆಕೆಂಡಿಗೆ 12 ಫ್ರೇಮಿಗೆ ಇಳಿಸು. ನನ್ನ ಮಾತು ಕೇಳುವುದಾದರೆ ಘಾಟಿಯನ್ನೇ ಮಾಡು. ರಟ್ಟು ಕತ್ತರಿಸಿ ಒಂದರ ಹಿಂದೆ ಒಂದು ಗುಡ್ಡ, ಮುಂದಿನ ಗುಡ್ಡಕ್ಕೆ ಹಿತ್ತಲ ಕಲ್ಲಿನ ಮೇಲಿನ ಹಾವಸೆ, ಹಿಂದಿನ ಗುಡ್ಡಗಳಿಗೆ ಒಂದಕ್ಕಿಂತ ಒಂದು ತೆಳ್ಳಗೆ ನೀಲಿ ಬೂದು, ನಡುವೆ ಹಿಂಜಿದ ಹತ್ತಿ ಮೋಡ. ಹತ್ತಿಯನ್ನು ಪ್ರತಿ ಫ್ರೇಮಿಗೂ ಒಂದಿಷ್ಟು ಎಳೆ. ಈ ಘಾಟಿಯನ್ನು ಒಂದು ಮೇಜಿನ ಮೇಲೆ ಬೇರೆ ತೆಗೆದುಕೊಂಡು, ಕುದುರೆಯನ್ನು ಇನ್ನೊಂದು ಮೇಜಿನಲ್ಲಿ ಎರಡೆರಡು ಫೋಟೋದಿಂದ ತೆಗೆದು ಕೂಡಿಸು. ಗೇಣುದ್ದದ ಕುದುರೆ ಮತ್ತು ಅದಕ್ಕೆ ಹೊಂದದ ಅಳತೆಯ ಗುಡ್ಡ ಒಂದೇ ಆಕಾಶದಲ್ಲಿ ಬರಬೇಕೆಂದರೆ ಪರದೆ ಬೇಕೇ ಬೇಕು. ಇಂಥಲ್ಲಿ ಅದಕ್ಕೆ ಕೆಲಸವಿದೆ.

ಕೂಡಿಸುವ ಮೊದಲು ಎರಡು ಸಂಗತಿ ನೋಡಿಕೋ. ಎರಡೂ ಕಡೆ ಕ್ಯಾಮೆರಾದ ಓರೆ ಒಂದೇ ಇರಬೇಕು, ಎತ್ತರ ಅಳತೆಗೆ ತಕ್ಕಂತೆ ಹೊಂದಬೇಕು. ಬೆಳಕಿನ ದಿಕ್ಕೂ ಒಂದೇ ಇರಬೇಕು. ಮಳೆಗಾಲದ ಘಾಟಿಯಲ್ಲಿ ಮೊನಚು ನೆರಳು ಬೀಳುವುದಿಲ್ಲ, ಮೋಡದಿಂದ ಸುತ್ತಲೂ ಮೆತ್ತಗಿನ ಬೆಳಕು. ನಿನ್ನ ಗೊಂಬೆಗೆ ಬಿದ್ದಿರುವುದು ಟೇಬಲ್ ಲ್ಯಾಂಪಿನ ಮೊನಚು ಬೆಳಕು. ದೀಪದ ಮುಂದೆ ಟ್ರೇಸಿಂಗ್ ಕಾಗದ ಹಿಡಿ, ಇಲ್ಲದಿದ್ದರೆ ನನ್ನ ಹಳೆಯ ಮಲ್ಲು ಪಂಚೆ ಇದೆ, ತೆಗೆದುಕೊಂಡು ಹೋಗು. ಇನ್ನು, ಹಾರುವ ಕುದುರೆಯನ್ನು ಎತ್ತಿ ಹಿಡಿದ ಕಂಬಿ ಕಪ್ಪು ಆಕಾರದಲ್ಲಿಯೂ ಬರುತ್ತದೆ, ಅದನ್ನು ಅಳಿಸಬೇಕು. ಹಾಗಾಗಿ ಕಂಬಿ ಯಾವಾಗಲೂ ಹಿಂದಿನಿಂದ ಬರಲಿ, ಗೊಂಬೆಯ ಮುಂದೆ ಹಾಯದಿರಲಿ. ಬಂಡೆಯ ಮೇಲೆ ನೆಗೆಯುವ ಶಾಟಿನಲ್ಲಿ ಪರದೆಯೇ ಬೇಡ. ಗೊಂಬೆ, ಕಂಬಿ ಎರಡೂ ಇಲ್ಲದ ಖಾಲಿ ಬಂಡೆಯ ಫೋಟೋ ಒಂದು ತೆಗೆದಿಡು. ಕಂಬಿ ಕಂಡಲ್ಲಿ ಆ ಖಾಲಿ ಚಿತ್ರದ ತುಂಡನ್ನು ಮೇಲೆ ಹಾಕಿದರೆ ಮುಗಿಯಿತು.

ಮಿಣಮಿಣದ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಕ್ಯಾಮೆರಾದಲ್ಲಿ ಆಟೋ ಎಂಬುದನ್ನೆಲ್ಲ ಆರಿಸು, ಬಿಳಿ ಬಣ್ಣದ ಹೊಂದಾಣಿಕೆಯನ್ನೂ ಸೇರಿಸಿ. ಕಿಟಕಿ ಮುಚ್ಚು, ರಾತ್ರಿ ತೆಗೆದರೆ ಇನ್ನೂ ಒಳ್ಳೆಯದು. ನಿಮ್ಮಲ್ಲಿ ವೋಲ್ಟೇಜ್ ಕುಣಿಯುತ್ತದೆ, ಏರಿಳಿತ ತಡೆಯುವ ಸ್ಟೆಬಿಲೈಸರ್ ಮೂಲಕ ದೀಪ ಉರಿಸು. ಕಪ್ಪು ಬಟ್ಟೆ ಹಾಕಿಕೊಂಡು ಪ್ರತಿ ಸಲವೂ ಒಂದೇ ಜಾಗದಲ್ಲಿ ನಿಲ್ಲು. ತುಣುಕಿನ ಕೊನೆಯಲ್ಲಿ ಕುದುರೆ ಒಮ್ಮೆಗೇ ಬೆಳ್ಳಗಾದದ್ದು ಬಹುಶಃ ನಿನ್ನ ಬಿಳಿ ಚೂಡಿದಾರದ ಪ್ರಭಾವ. ಇಷ್ಟು ಮಾಡಿಯೂ ಸಣ್ಣ ಮಿಣುಕು ಉಳಿದರೆ ಅದು ಲೆನ್ಸಿನದು. ಈಗಿನ ಲೆನ್ಸು ಪ್ರತಿ ಫೋಟೋಕ್ಕೂ ತನ್ನ ಕಂಡಿಯನ್ನು ಮುಚ್ಚಿ ತೆರೆಯುತ್ತದೆ, ಪ್ರತಿ ಸಲ ಒಂದೇ ಅಳತೆಗೆ ಮುಚ್ಚುವುದಿಲ್ಲ. ಅದಕ್ಕೆ ನನ್ನ ಹಳೆಯ 50 ಎಂಎಂ ಲೆನ್ಸನ್ನು ಅಡಾಪ್ಟರ್ ಸಮೇತ ಪಾರ್ಸೆಲ್ ಮಾಡಿದ್ದೇನೆ. ಅದರ ಅಪರ್ಚರ್ ಉಂಗುರವನ್ನು ಕೈಯಿಂದ ತಿರುಗಿಸಿ ಎಫ್ 8ರಲ್ಲೋ 11ರಲ್ಲೋ ಬಿಟ್ಟರೆ ಅಲ್ಲೇ ಇರುತ್ತದೆ. ಕತ್ತಲಾಯಿತೆಂದು ಐಎಸ್‌ಒ ಏರಿಸಬೇಡ. ಶಟರ್ ಒಂದು ಸೆಕೆಂಡ್ ತೆರೆದಿರಲಿ, ಎರಡು ಸೆಕೆಂಡ್ ತೆರೆದಿರಲಿ, ನಿನ್ನ ನಟರು ಉಸಿರಾಡುವವರಲ್ಲ.

ಪಾರ್ಸೆಲ್ಲಿನಲ್ಲಿ ದೊಡ್ಡಮ್ಮ ಹಲಸಿನ ಹಪ್ಪಳವನ್ನೂ ಇಟ್ಟಿದ್ದಾಳೆ. ಎಣ್ಣೆಕೈಯಲ್ಲಿ ಲೆನ್ಸ್ ಮುಟ್ಟಬೇಡ. ಮೊದಲು ಕುದುರೆ ಒಂದನ್ನೇ, ಒಂದು ಸೆಕೆಂಡಿನಷ್ಟು ಮಾತ್ರ, ಎರಡೆರಡು ಫೋಟೋದ ಹಾಗೆ ತೆಗೆದು ಕಳಿಸು. ಕೂಡಿಸಿದ್ದು ಬೇಡ, 24 ಫೋಟೋಗಳನ್ನೂ ಹಾಗೆಯೇ ಕಳಿಸು. ವಾಟ್ಸಾಪಿನಲ್ಲಿ ಕಳಿಸಿದರೆ ಕುಗ್ಗಿಹೋಗುತ್ತವೆ, ಪೆನ್‌ಡ್ರೈವಿಗೆ ಹಾಕಿ ದಸರಾಕ್ಕೆ ಬರುವ ನಿನ್ನ ಅಪ್ಪನ ಕೈಯಲ್ಲಿ ಕೊಡು. ಅಂಚು ಎಲ್ಲಿ ಕಚ್ಚಿದೆ ಎಂದು ಒಂದೊಂದನ್ನೂ ನೋಡಿ ಬರೆಯುತ್ತೇನೆ.

ಇಂತಿ ನಿನ್ನ,
ದೊಡ್ಡಪ್ಪ